ಎಡಗೈ ಶಿಷ್ಯ

ಶಾಂದ್ರು ದೆಬಾತಿಸ್ತನಿಗೆ ಮನುಷ್ಯರಿಗಿಂತ ಮರದ ಮೇಲೆ ಗೌರವ ಹೆಚ್ಚು. ಮರ ಸತ್ತು ಮುನ್ನೂರು ವರ್ಷವಾದ ಮೇಲೂ ಒಂದು ಮನೆಯ ಬಟ್ಟೆಬರೆ ಹೊತ್ತು ನಿಲ್ಲುತ್ತದೆ, ಮನುಷ್ಯ ಬದುಕಿರುವಾಗಲೇ ತನ್ನ ಮೈಯನ್ನು ತಾನು ಹೊರಲಾರ ಎನ್ನುತ್ತಿದ್ದ. ಭಾಷಣಗಳಲ್ಲಿ ಈ ಮಾತು ಬಂದಾಗ ಮುಂದಿನ ಸಾಲಿನಲ್ಲಿ ಕೂತ ದಪ್ಪ ಹೆಂಗಸರ ಕಡೆಗೇ ನೋಡುತ್ತಿದ್ದ. ಅವರು ಚಪ್ಪಾಳೆ ತಟ್ಟುತ್ತಿದ್ದರು. ಅದರಿಂದ ಅವನ ತಿರಸ್ಕಾರ ಇನ್ನಷ್ಟು ಬಲಿಯುತ್ತಿತ್ತು.

ಮಾಲ್ಟಾದಲ್ಲಿ ಕಾಡಿಲ್ಲ. ದೇವರು ಆ ದ್ವೀಪಕ್ಕೆ ಕಲ್ಲು ಕೊಟ್ಟ, ಉಪ್ಪು ಕೊಟ್ಟ, ಅಷ್ಟೊಂದು ಇಗರ್ಜಿಗಳು ತುಂಬುವಷ್ಟು ಪಾಪಿಗಳನ್ನೂ ಕೊಟ್ಟ; ಮರವನ್ನು ಮಾತ್ರ ಬೇರೆಯವರ ಹಡಗಿನಲ್ಲಿ ಬರಲಿ ಎಂದು ಬಿಟ್ಟುಬಿಟ್ಟ. ಆದ್ದರಿಂದ ಹಳೆಯ ಕಾಲದಲ್ಲಿ ಒಂದು ಮನೆಯಲ್ಲಿ ಒಳ್ಳೆಯ ಮಂಚವೋ ಕಾಂತರಾನುವೋ ಇತ್ತೆಂದರೆ ಅದು ಹೊಲಗದ್ದೆಗೆ ಸಮ. ಕಾಂತರಾನು ಎಂದರೆ ಎದೆಯೆತ್ತರದ ಬಟ್ಟೆಪೆಟ್ಟಿಗೆ. ಹೊರಗೆ ಎಳೆಯುವ ಮೂರು ಉದ್ದದ ಖಾನೆಗಳು, ಮುಖದ ತುಂಬ ಆಲಿವ್ ಮರದಲ್ಲಿ ಕಿತ್ತಳೆ ಮರ ಕೂರಿಸಿದ ಕೆಲಸ. ಮದುಮಗಳ ಬಟ್ಟೆ ಅದರೊಳಗೆ, ದೇವಮಾತೆ ಅದರ ಮೇಲೆ. ಹುಟ್ಟು, ಮದುವೆ, ಸಾವು ಮೂರೂ ಅದರ ಮುಂದೆಯೇ ನಡೆಯುತ್ತಿದ್ದವು.

ಶಾಂದ್ರು ಕಸುಬಿಗೆ ಇಳಿದದ್ದು ಒಂದು ಹಳೆಯ ವ್ಯಾನಿನಲ್ಲಿ. ಮೀಸೆ ಇನ್ನೂ ಸರಿಯಾಗಿ ಕಪ್ಪಾಗದ ವಯಸ್ಸು. ವ್ಯಾನಿನ ನೆತ್ತಿಯ ಮೇಲೆ ಹೊಚ್ಚಹೊಸ ಫಾರ್ಮೈಕಾ ಮೇಜುಗಳನ್ನು ಕಾಲು ಮೇಲೆ ಮಾಡಿ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ. ನೀಲಿ, ಹಳದಿ, ತಿಳಿಹಸಿರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕನ್ನಡಿ.

"ಏನಮ್ಮಾ, ಇನ್ನೂ ಆ ಹುಳ ತಿಂದದ್ದಕ್ಕೆ ಮೇಣ ಉಜ್ಜಿ ಉಜ್ಜಿ ಕೈ ಸವೆಸ್ಕೋತಿದೀಯಾ? ಕೊಡಿಲ್ಲಿ, ನಾನು ಹೊತ್ಕೊಂಡು ಹೋಗಿ ಸೌದೆ ಮಾಡ್ಕೋತೀನಿ. ಆ ಜಾಗಕ್ಕೆ ಇದನ್ನ ಇಟ್ಕೋ, ಪಕ್ಕದ ಮನೆಯೋಳು ಹೊಟ್ಟೆ ಉರ್ಕೊಂಡು ಸಾಯ್ಲಿ."

ಹೆಂಗಸರು ಕೊಟ್ಟರು. ಇಗರ್ಜಿಗಳಲ್ಲಿ ಪೂಜೆಯ ರೀತಿ ಬದಲಾದ ಕಾಲ ಅದು. ಪಾದ್ರಿಗಳೂ ಹಳೆಯ ಪೀಠಗಳನ್ನು ಹಿತ್ತಲಿಗೆ ಹಾಕಿದ್ದರು, ಅವರೂ ಕೊಟ್ಟರು. ಕೊಡುವವರನ್ನು ಮನಸ್ಸಿನಲ್ಲಿ ಉಗಿಯದೆ ಶಾಂದ್ರು ಏನನ್ನೂ ತೆಗೆದುಕೊಂಡವನಲ್ಲ. ಮೋಸ ಮಾಡುವವನಿಗೆ ಇದೊಂದು ದೊಡ್ಡ ಅನುಕೂಲ. ಎದುರಿಗಿರುವವನು ಕತ್ತೆ ಎಂದು ನಂಬಿಬಿಟ್ಟರೆ ಹೊರೆ ಹೊರಿಸುವುದು ಪಾಪವಾಗುವುದಿಲ್ಲ.

ವ್ಯಾನು ಹೋಗಿ ರಾಜಧಾನಿ ವ್ಯಾಲೆಟ್ಟಾದ ಇಳಿಜಾರು ಬೀದಿಯಲ್ಲಿ ಅಂಗಡಿಯಾಯಿತು. ಅಂಗಡಿಗೆ ಬರುವ ದೊಡ್ಡಮನುಷ್ಯರು ಇದು ಯಾವ ಕಾಲದ್ದು ಎಂದು ಕೇಳುತ್ತಾ ಕೇಳುತ್ತಾ ಅವನನ್ನು ಪಂಡಿತನನ್ನಾಗಿ ಮಾಡಿದರು. ಅವನಿಗೆ ಗೊತ್ತಿದ್ದದ್ದು ಸುಳ್ಳಲ್ಲ, ಅದನ್ನು ಒಪ್ಪಬೇಕು. ಕಣ್ಣು ಮುಚ್ಚಿ ಖಾನೆಯ ಅಡಿಗೆ ಅಂಗೈ ಆಡಿಸಿ, ಮರ ಕೀಸುವ ಉಜ್ಜುಗೊರಡು ಯಾವ ಕಡೆಯಿಂದ ಹೋಗಿದೆ ಎಂದು ಹೇಳುತ್ತಿದ್ದ. ಮೇಣದ ವಾಸನೆಯಲ್ಲೇ ಅಸಲು ನಕಲು ತೂಗುತ್ತಿದ್ದ. ದೇವರು ಅವನಿಗೆ ಅಪರೂಪದ ಕಣ್ಣು ಕೊಟ್ಟಿದ್ದ. ಎಲ್ಲರಿಗೂ ಕೊಟ್ಟ ಹಾಗೆ ರೆಪ್ಪೆಯನ್ನೂ ಕೊಟ್ಟಿದ್ದ. ಈಗ ಸಭೆಗಳಲ್ಲಿ ಎದ್ದು ನಿಂತು, "ನಿಮ್ಮ ತಾಯಂದಿರು ಈ ದ್ವೀಪದ ಸಂಪತ್ತನ್ನು ಪ್ಲಾಸ್ಟಿಕ್ಕಿಗೆ ಮಾರಿಕೊಂಡರು" ಎಂದು ಬೈಯುವಷ್ಟು ದೊಡ್ಡವನಾಗಿದ್ದ. ಒಮ್ಮೆ ಹಿಂದಿನ ಸಾಲಿನಿಂದ ಒಂದು ಮುದಿ ದನಿ, "ಯಾರಿಗೆ ಮಾರಿದ್ರು ಅಂತಾನೂ ಹೇಳಪ್ಪಾ, ಫಾರ್ಮೈಕಾ!" ಎಂದಿತ್ತು. ಆ ಅಡ್ಡಹೆಸರು ಅವನನ್ನು ಬಿಟ್ಟಿರಲಿಲ್ಲ. ಮಾಲ್ಟಾದಲ್ಲಿ ಜ್ಞಾನಸ್ನಾನದ ಹೆಸರು ಹೋದರೂ ಅಡ್ಡಹೆಸರು ಹೋಗುವುದಿಲ್ಲ.

ಅವನ ಬದುಕನ್ನೆಲ್ಲ ಎತ್ತಿ ನಿಲ್ಲಿಸಿದ್ದು ಒಂದೇ ಒಂದು ಕಾಂತರಾನು. ಒಂದು ಹಳ್ಳಿಯಲ್ಲಿ ವಿತೋರ ಎಂಬ ಹೆಂಗಸಿನಿಂದ, ಹಳದಿ ಫಾರ್ಮೈಕಾ ಮೇಜಿಗೆ ಬದಲಾಗಿ ಪಡೆದದ್ದು. ಪ್ರತಿ ಖಾನೆಯ ನಡುವೆ ಎಂಟು ಮೂಲೆಯ ಒಂದು ನಕ್ಷತ್ರ. ನಕ್ಷತ್ರದ ಬಲಗಡೆಯ ಗೆರೆಗಳು ಕೂದಲಿನ ಹಾಗೆ ತೆಳು. ಎಡಗಡೆಯವು ಒಂದಿಷ್ಟು ದಪ್ಪ, ಮರವೂ ಒಂದು ಬಣ್ಣ ತಿಳಿ. ನಟ್ಟನಡುವೆ ಮೇಲಿಂದ ಕೆಳಗೆ ಜೋಡಣೆಯ ಗೆರೆ. ಮರವಿಲ್ಲದ ನಾಡಿನಲ್ಲಿ ತುಂಡು ಜೋಡಿಸದೆ ಯಾವ ಬಡಗಿ ಏನು ಮಾಡಿದ್ದಾನೆ? ಅದರಲ್ಲಿ ಶಾಂದ್ರುವಿಗೆ ಆಶ್ಚರ್ಯ ಕಾಣಲಿಲ್ಲ. ಎರಡು ಕೈಗಳ ವ್ಯತ್ಯಾಸಕ್ಕೆ ಮಾತ್ರ ಅವನು ಒಂದು ಪುಸ್ತಕವನ್ನೇ ಬರೆದ. ಬಲಗಡೆ ಮಾಡಿದವನು ಅರಮನೆಯ ಗುರು. ಎಡಗಡೆ ಮಾಡಿದವನು ಗುರುವಿನ ಪಕ್ಕದಲ್ಲೇ ನಿಂತು ಕೆಲಸ ಮಾಡಿದ ಒಬ್ಬ ಎಡಗೈ ಶಿಷ್ಯ.

ಆ ಶಿಷ್ಯನನ್ನು ಶಾಂದ್ರು ಬಹಳ ಅಕ್ಕರೆಯಿಂದ ಬೆಳೆಸಿದ. ಮೊದಲು ಅವನು ಬರಿಯ ಒಂದು ಊಹೆ. ಎರಡನೆಯ ಮುದ್ರಣದ ಹೊತ್ತಿಗೆ ಅವನಿಗೆ ಸಿಸಿಲಿಯಲ್ಲಿ ಹುಟ್ಟೂರು ಸಿಕ್ಕಿತ್ತು, ಕೆಮ್ಮು ಹಿಡಿದಿತ್ತು, ಗುರುವಿನ ಮೇಲೆ ಒಂದು ಮೂಕ ಅಸಮಾಧಾನವೂ ಹುಟ್ಟಿತ್ತು. ಮದುವೆಯಾಗದ ಶಾಂದ್ರುವಿಗೆ ಹುಟ್ಟಿದ ಒಬ್ಬನೇ ಮಗ ಅವನು ಅನ್ನಬಹುದು. ಆಮೇಲೆ ಒಬ್ಬ ಮಾರ್ಕ್ವಿಸನ ಮನೆಯ ಮೇಜಿನಲ್ಲಿ, ಒಂದು ಇಗರ್ಜಿಯ ಕಪಾಟಿನಲ್ಲಿ ಶಾಂದ್ರು ಅದೇ ಎಡಗೈ ಕಂಡ. ಎಡಗೈ ಕಂಡಲ್ಲೆಲ್ಲ ಬೆಲೆ ಏರಿತು. ಯಾರಿಗೂ ನಷ್ಟವಿರಲಿಲ್ಲ, ಆದ್ದರಿಂದ ಯಾರಿಗೂ ಅನುಮಾನವಿರಲಿಲ್ಲ.

ಅನುಮಾನ ಬಂದದ್ದು ಸಮುದ್ರದ ಆಚೆಯಿಂದ. ಪಲೆರ್ಮೋದ ಒಬ್ಬ ಪ್ರೊಫೆಸರ್, ಪುಸ್ತಕದ ಚಿತ್ರಗಳನ್ನು ನೋಡಿ, ಆ ಶಿಷ್ಯ ಗುರುವಿಗಿಂತ ಇನ್ನೂರು ವರ್ಷ ಚಿಕ್ಕವನಿರಬಹುದು ಎಂದು ಒಂದು ಪತ್ರಿಕೆಯಲ್ಲಿ ಬರೆದುಬಿಟ್ಟ. ಬರೆದದ್ದು ಕೆಟ್ಟ ಹೊತ್ತಿನಲ್ಲಿ. ವಿತೋರಳ ಹಳ್ಳಿಯಲ್ಲೇ ಇಗರ್ಜಿಯ ಪಕ್ಕ ಒಂದು ಸಣ್ಣ ಮ್ಯೂಸಿಯಂ ಏಳುತ್ತಿತ್ತು. ಶಾಂದ್ರು ತನ್ನ ಕಾಂತರಾನುವನ್ನು ಅದಕ್ಕೆ ದಾನ ಕೊಟ್ಟಿದ್ದ. ಪ್ರತಿಯಾಗಿ ದೊಡ್ಡ ಹಜಾರಕ್ಕೆ ಅವನ ಹೆಸರು. ಅಮೃತಶಿಲೆಯ ಫಲಕ ಕೆತ್ತಿ ತಯಾರಾಗಿತ್ತು. ಮ್ಯೂಸಿಯಂ ಸಮಿತಿಯ ಹಿರಿಯರಾದ ದುನ್ ಆಂಜ್, ಅಂದರೆ ಫಾದರ್ ಆಂಜ್, ಆ ಹಳ್ಳಿಯ ಪಾದ್ರಿ, ಮೆತ್ತಗಿನ ಮನುಷ್ಯ. ಅನುಮಾನ ಇಟ್ಟುಕೊಂಡು ಫಲಕ ನಿಲ್ಲಿಸಲಾರೆ ಎಂದು ಮೆತ್ತಗೇ ಹೇಳಿದರು.

"ವಿತೋರಾಗೆ ಒಬ್ಬಳು ತಂಗಿ ಇದಾಳೆ, ಚೆತ್ತಾ ಅಂತ" ಎಂದ ಶಾಂದ್ರು. "ಅವಳ ಮನೇಲಿ ಇದರದ್ದೇ ಜೋಡಿ ಇದೆ. ಅವತ್ತು ಕೊಡಲೂ ಇಲ್ಲ, ನೋಡೋಕೂ ಬಿಡಲಿಲ್ಲ ಆ ಹಟಮಾರಿ. ಅದರಲ್ಲೂ ಇದೇ ಎರಡು ಕೈ ಕಂಡರೆ ಅದು ಆ ಕಾರ್ಖಾನೆಯ ರೂಢಿ ಅಂತ ಆಯ್ತಲ್ಲ? ಪಲೆರ್ಮೋದವನ ಬಾಯಿಗೆ ಬೀಗ. ನಡೀರಿ, ನಿಮ್ಮ ಕಣ್ಣೆದುರೇ ನೋಡ್ತೀನಿ."

ಹೀಗೆ ಅವನೇ ಕೇಳಿಕೊಂಡು ಹೋದ. ದುನ್ ಆಂಜ್ ಜೊತೆ ಸಮಿತಿಯ ಇನ್ನೊಬ್ಬ, ನೋಟರಿ ಗ್ರೆಕ್. ಊರವರ ಉಯಿಲುಗಳನ್ನೆಲ್ಲ ಬರೆದು ಬರೆದು ಆ ಮನುಷ್ಯನ ಮುಖ ಯಾವಾಗಲೂ ಸಂತಾಪ ಹೇಳಲು ಬಂದವರ ಮುಖವಾಗಿತ್ತು.

"ಯಾರು, ಫಾರ್ಮೈಕಾನಾ?" ಬಾಗಿಲು ಪೂರ್ತಿ ತೆರೆಯುವ ಮೊದಲೇ ಕೇಳಿದಳು ಚೆತ್ತಾ.

"ಸುರ್ ಶಾಂದ್ರು ಬಂದಿದ್ದಾರೆ, ಜಿಯಾ ಚೆತ್ತಾ" ಎಂದರು ದುನ್ ಆಂಜ್, ಅವನಿಗೆ ಶ್ರೀಮಾನ್ ಎಂಬ ಸುರ್, ಅವಳಿಗೆ ಅತ್ತೆ ಎಂಬ ಜಿಯಾ ಸೇರಿಸಿ.

"ಅದನ್ನೇ ಕೇಳಿದ್ದು. ಒಳಗೆ ಬನ್ನಿ ದುನ್. ನೋಟರಿ, ನೀವೂ ಬನ್ನಿ. ನಿಮ್ಮ ಮುಖ ನೋಡಿ ಯಾರು ಹೋದ್ರೋ ಅಂದ್ಕೊಂಡೆ. ನೀನೂ ಬಾ ಮಾರಾಯ, ಕಾಲು ಒರೆಸ್ಕೊಂಡು ಬಾ."

ಎಂಬತ್ತು ದಾಟಿದ ಸಣ್ಣ ಹೆಂಗಸು. ಕಪ್ಪು ಬಟ್ಟೆ, ಚುರುಕು ಬಾಯಿ. ಮುಂದಿನ ಕೋಣೆಯಲ್ಲಿ ಸೋಂಪು ಹಾಕಿದ ಕಾಫಿ ಇಟ್ಟಳು, ಬಾದಾಮಿ ಬಿಸ್ಕತ್ತು ಇಟ್ಟಳು. ಪಾದ್ರಿಗೆ ಬಂಗಾರದ ಅಂಚಿನ ಬಟ್ಟಲು, ನೋಟರಿಗೆ ಹೂವಿನ ಬಟ್ಟಲು, ಶಾಂದ್ರುವಿಗೆ ಗಾಜಿನ ಲೋಟ.

"ಆವತ್ತು ನಿಮ್ಮಕ್ಕ ಕೊಟ್ಟಳು, ನೀವು ಕೊಡಲಿಲ್ಲ" ಎಂದ ಶಾಂದ್ರು, ಮಾತು ಸಿಹಿ ಮಾಡಿ. "ಹಳೆಯದರ ಬೆಲೆ ನಿಮಗೆ ಗೊತ್ತಿತ್ತು."

"ಬೆಲೆಯೂ ಇಲ್ಲ, ಬದನೆಕಾಯಿಯೂ ಇಲ್ಲ. ವಿತೋರ ಕೊಟ್ಟಳು, ಅದಕ್ಕೇ ನಾನು ಕೊಡಲಿಲ್ಲ. ಅವಳು ಬೇಡ ಅಂದಿದ್ರೆ ಆವತ್ತೇ ಎತ್ತಿ ನಿನ್ನ ವ್ಯಾನಿಗೆ ಹಾಕ್ತಿದ್ದೆ." ನೋಟರಿಯ ಕಡೆ ತಿರುಗಿ, "ಹಳದಿ ಮೇಜು ಇಟ್ಕೊಂಡು ಏನು ಮೆರೆದಳು ಗೊತ್ತಾ! ಊಟಕ್ಕೆ ಕರೆಯೋಳು, ಅದರ ಮೇಲೆ ಬಟ್ಟೆಯೇ ಹಾಸ್ತಿರಲಿಲ್ಲ. ನೋಡ್ಲಿ ಅಂತ."

ಇಂಥವರ ಕೈಯಲ್ಲಿ ಉಳಿದಿತ್ತಲ್ಲ ಆ ಗುರುವಿನ ಕೆಲಸ ಎಂದು ಶಾಂದ್ರು ಒಳಗೊಳಗೇ ಹೇಸಿದ. ಪಾದ್ರಿ, ನೋಟರಿ ಬಿಸ್ಕತ್ತು ತಿನ್ನುತ್ತಿರಲಿ ಎಂದು ಬಿಟ್ಟು ಅವಳ ಹಿಂದೆ ಒಳಕೋಣೆಗೆ ಹೋದ.

ಕಾಂತರಾನುವಿನ ಮೇಲೆ ಗಾಜಿನ ಗುಮ್ಮಟದೊಳಗೆ ವ್ಯಾಕುಲಮಾತೆಯ ಪ್ರತಿಮೆ. "ಅವಳನ್ನ ನೀನು ಮುಟ್ಟಬೇಡ" ಎಂದು ಚೆತ್ತಾ ತಾನೇ ಇಳಿಸಿ ಹಾಸಿಗೆಯ ಮೇಲಿಟ್ಟಳು. ಕಿಟಕಿ ತೆರೆದಳು. ಮಾರ್ಚ್ ತಿಂಗಳ ಬಿಸಿಲು ನೇರವಾಗಿ ಮೂರು ಖಾನೆಗಳ ಮೇಲೆ ಬಿತ್ತು.

ಶಾಂದ್ರು ನೋಡಿದ. ನಕ್ಷತ್ರದ ಎಡಗಡೆಯ ಗೆರೆಗಳು ಕೂದಲಿನಷ್ಟು ತೆಳು. ಬಲಗಡೆಯವು ದಪ್ಪ.

ಶಿಷ್ಯ ಬಲಗಡೆಗೆ ಹೇಗೆ ಬಂದ?

ಅವನು ನಡುವಿನ ಖಾನೆಯನ್ನು ಎಳೆದ. ಅದರ ತುಂಬ ಮಡಿಸಿದ ಕರವಸ್ತ್ರಗಳು. ಅವನ್ನು ತೆಗೆದು ಹಾಸಿಗೆಗೆ ಹಾಕಿ, ಖಾನೆಯನ್ನು ಮಗುಚಿ, ಬಿಸಿಲಿಗೆ ಹಿಡಿದ. ಅಡಿಹಲಗೆಯ ನಡುವೆ ಜೋಡಣೆಯ ಗೆರೆ. ಗೆರೆಗೆ ಒತ್ತಿಕೊಂಡು ಎಡಗಡೆಯಲ್ಲಿ ಮರದ ಒಂದು ಗಂಟು, ಅರ್ಧ. ನೋಡುವುದಕ್ಕೆ ಅರ್ಧ ಕಣ್ಣಿನ ಹಾಗೆ, ರೆಪ್ಪೆಯ ಮೇಲೆ ಒಂದು ಸೀಳು. ಅದರ ಇನ್ನರ್ಧ ಎಲ್ಲಿದೆ ಎಂದು ಶಾಂದ್ರುವಿಗೆ ಹುಡುಕಬೇಕಿರಲಿಲ್ಲ. ಅವನ ಸ್ವಂತ ಕಾಂತರಾನುವಿನ ನಡುವಿನ ಖಾನೆಯ ಅಡಿಯಲ್ಲಿ, ಗೆರೆಯ ಬಲಗಡೆಯಲ್ಲಿ, ನಲವತ್ತು ವರ್ಷದಿಂದ ಆ ಅರ್ಧ ಕಣ್ಣು ಅವನನ್ನು ನೋಡುತ್ತಲೇ ಇತ್ತು. ಜೋಡಿಸುವಾಗ ಬಡಗಿ ಗಂಟಿನ ಮೇಲೆ ಕೊಯ್ದಿದ್ದಾನೆ, ಕೈ ತಪ್ಪಿರಬೇಕು ಎಂದು ಪುಸ್ತಕದಲ್ಲಿ ಬರೆದಿದ್ದ. ಪಾಪ, ಶಿಷ್ಯ ಎಂದು ಬರೆದಿದ್ದ.

"ಏನು ಅಷ್ಟು ನೋಡ್ತೀಯಾ? ಅಪ್ಪ ಕೊಯ್ದದ್ದು ಅಲ್ಲೇ" ಎಂದಳು ಚೆತ್ತಾ.

"ಏನು ಕೊಯ್ದದ್ದು?"

"ಕಾಂತರಾನು. ಮತ್ತೇನು, ಮೊಲಾನಾ? ಇದ್ದದ್ದು ಒಂದು. ಅಜ್ಜಿಯ ಅಜ್ಜಿ ತಂದದ್ದಂತೆ. ಹೆಣ್ಣುಮಕ್ಕಳು ನಾವು ಇಬ್ಬರು. ವಿತೋರಾಗೂ ಅದೇ ಬೇಕು, ನನಗೂ ಅದೇ ಬೇಕು. ಅಪ್ಪ ಮನೇನ ಎರಡು ಮಾಡಿದ್ದ, ಬಾವಿಗೂ ನಡುವೆ ಗೋಡೆ ಎತ್ತಿ ಎರಡು ಮಾಡಿದ್ದ, ಇದನ್ನ ಬಿಡ್ತಾನಾ? ಡಾಕ್‌ಯಾರ್ಡಿನಲ್ಲಿ ಬಡಗಿ. ಅಲ್ಲಿಂದ ದೊಡ್ಡ ಗರಗಸ ತಂದ. ಒಂದು ಕೂದಲೆಳೆ ಯಾರ ಕಡೆಗೂ ಹೆಚ್ಚು ಹೋಗಬಾರದು ಅಂತ ನೂಲು ಹಿಡಿದು ಗೆರೆ ಹಾಕಿದ. ಆ ತುದಿ ವಿತೋರ ಹಿಡ್ಕೊಂಡಳು, ಈ ತುದಿ ನಾನು. ನಡುವೆ ಅವನು ಕೊಯ್ದ. ಆಮೇಲೆ ಎರಡಕ್ಕೂ ಉಳಿದರ್ಧ ಹೊಸದಾಗಿ ಮಾಡಿ ಅಂಟಿಸಿದ. ಚೀಟಿ ಎತ್ತಿದ್ವಿ. ಹಳೇದರಲ್ಲಿ ಎಡಗಡೆ ನನಗೆ ಬಂತು, ಬಲಗಡೆ ಅವಳಿಗೆ." ಅವಳು ಬಲು ತೃಪ್ತಿಯಿಂದ ತಲೆಯಾಡಿಸಿದಳು. "ನಾರ್ದು ಪಾಲು ಮಾಡಿದ ಹಾಗೆ ಅಂತ ಅಪ್ಪನ ಹೆಸರಲ್ಲಿ ಈ ಬೀದೀಲಿ ಗಾದೆಯೇ ಇತ್ತು."

ಶಾಂದ್ರು ಖಾನೆಯಿಂದ ತಲೆಯೆತ್ತಿದ. "ನಿಮ್ಮಪ್ಪ... ಎಡಗೈಯವನಾ?"

"ಬಲಗೈ. ಎಡಗೈ ಯಾಕಾಗ್ಬೇಕು?"

ಒಂದು ಗಳಿಗೆ, ಅದು ನಿಜವಾಗಿ ಬಂದ ಗಳಿಗೆ, ಶಾಂದ್ರುವಿನ ಒಳಗೆ ಮರವನ್ನು ಪ್ರೀತಿಸುವವನು ಎದ್ದು ಕೂತ. ಈ ಎಡ, ಆ ಬಲ ಎರಡನ್ನೂ ಬಿಚ್ಚಿ ಕೂಡಿಸಿದರೆ ಮೂರು ನಕ್ಷತ್ರಗಳೂ ಪೂರ್ತಿಯಾಗುತ್ತವೆ. ಇಡೀ ದ್ವೀಪದಲ್ಲಿ ಅದಕ್ಕೆ ಸರಿಸಾಟಿ ಇರುವುದಿಲ್ಲ. ಆ ಚೆಲುವನ್ನು ಅವನು ಕಣ್ಣಾರೆ ಕಂಡ. ಕಂಡದ್ದರ ಹಿಂದೆಯೇ ಪುಸ್ತಕ ಕಂಡಿತು, ಮಾರ್ಕ್ವಿಸನ ಮೇಜು ಕಂಡಿತು, ಅಮೃತಶಿಲೆಯಲ್ಲಿ ಕೆತ್ತಿದ ತನ್ನ ಹೆಸರು ಕಂಡಿತು. ಆ ಕೆಮ್ಮುವ ಶಿಷ್ಯನ ಜಾಗದಲ್ಲಿ, ಇಬ್ಬರು ಹೆಣ್ಣುಮಕ್ಕಳ ಜಗಳ ತಾಳಲಾರದೆ ಗರಗಸ ಎತ್ತಿದ ಒಬ್ಬ ಡಾಕ್‌ಯಾರ್ಡ್ ಬಡಗಿ, ಒಳ ಅಂಗಿಯಲ್ಲಿ ಬೆವರುತ್ತಾ ನಿಂತಿದ್ದ.

ಅವನು ಖಾನೆಯನ್ನು ಮೆತ್ತಗೆ ಒಳಗೆ ತಳ್ಳಿದ.

ಬೀದಿಗೆ ಬಂದು, ಮೂಲೆ ತಿರುಗಿ, ಚೆತ್ತಾಳ ಕಿವಿಗೆ ಬೀಳದಷ್ಟು ದೂರ ಹೋದ ಮೇಲೆ ಹೇಳಿದ: "ನಕಲು."

"ಅಯ್ಯೋ" ಎಂದರು ದುನ್ ಆಂಜ್.

"ಇವಳಪ್ಪ ಡಾಕ್‌ಯಾರ್ಡಿನಲ್ಲಿ ಬಡಗಿ. ದೊಡ್ಡ ಮಗಳಿಗೆ ಅಸಲು ಕೊಟ್ಟ, ಚಿಕ್ಕವಳು ಅಳ್ತಾಳೆ ಅಂತ ಅದನ್ನ ನೋಡಿ ಒಂದು ಮಾಡಿಕೊಟ್ಟ. ಪೂರ್ತಿ ಹೊಸ ಮರ."

"ಖಾನೆ ತೆಗೆದು ನೋಡಿದ್ರಾ?"

"ದುನ್, ನೀವು ಪೂಜೆ ಮಾಡುವಾಗ ದ್ರಾಕ್ಷಾರಸ ಹಾಕಿದ್ರಾ ಅಂತ ನಾನು ಕೇಳ್ತೀನಾ? ತೆಗೆದೆ, ಮಗುಚಿದೆ, ಬಿಸಿಲಿಗೆ ಹಿಡಿದೆ."

"ಹಾಗಾದ್ರೆ ಪಲೆರ್ಮೋದವರಿಗೆ ಏನು ಹೇಳೋದು?"

"ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ? ನಕಲು ಮಾಡಿದ ಅಂದ್ರೆ ಕಣ್ಣೆದುರು ಅಸಲು ಇತ್ತು ಅಂತ ತಾನೆ?"

ನೋಟರಿ ಗ್ರೆಕ್ ತಲೆದೂಗಿದ. ಕಾನೂನು ಓದಿದವರಿಗೆ ಇಂಥ ಮಾತು ಬೇಗ ರುಚಿಸುತ್ತದೆ. ದುನ್ ಆಂಜ್ ಕೂಡ ನಿಟ್ಟುಸಿರು ಬಿಟ್ಟು ಒಪ್ಪಿದರು, ಫಲಕ ಕೆತ್ತಿಸಿಯಾಗಿತ್ತು. ಶಾಂದ್ರು ಇಬ್ಬರನ್ನೂ ನೋಡಿ ಮನಸ್ಸಿನಲ್ಲೇ ಮೂಗು ಮುರಿದ. ಫಾರ್ಮೈಕಾ ಮೇಜನ್ನು ಯಾರ ಕೈಗೆ ಕೊಟ್ಟರೂ ಒರೆಸಿಕೊಂಡು ಸಂತೋಷಪಡುತ್ತಾರೆ.

ಚೆತ್ತಾ ಬಾಯಿ ಬಿಟ್ಟರೆ? ಅದನ್ನೂ ಅವನು ಯೋಚಿಸಿದ್ದ. ಅವಳಿಗೆ ಇದು ಯಾವ ಕಾಲದ್ದಾದರೇನು, ಕರವಸ್ತ್ರ ಇಡುವ ಪೆಟ್ಟಿಗೆ. ನಕಲು ಎಂದರೆ ನಕಲು, ಅಸಲು ಎಂದರೆ ಅಸಲು. ಹಳ್ಳಿಯವರಿಗೆ ಮರದ ಅಭಿಮಾನ ಎಲ್ಲಿಂದ ಬರಬೇಕು ಎಂದುಕೊಂಡ. ಅದು ನಿಜವೇ. ಅವಳಿಗೆ ಮರದ ಅಭಿಮಾನ ಇರಲಿಲ್ಲ. ತಾನೂ ಅಂಥದೇ ಬೀದಿಯಲ್ಲಿ ಹುಟ್ಟಿದವನು, ತನ್ನ ಅಣ್ಣನ ಜೊತೆ ಒಂದು ಛಾವಣಿಯ ಪಾಲಿಗಾಗಿ ಅವನು ಸಾಯುವವರೆಗೂ ಮಾತು ಬಿಟ್ಟವನು ಎಂಬುದನ್ನು ಮಾತ್ರ ಶಾಂದ್ರು ಮರೆತಿದ್ದ. ಮೇಲೆ ಹತ್ತಿದವರು ಮರೆಯುವುದು ಇಂಥದನ್ನೇ.

ನೋಟರಿ ಹೆಂಡತಿಗೆ ಹೇಳಿದ. ಹೆಂಡತಿ ರೊಟ್ಟಿಯ ಗಾಡಿಯ ಮುಂದೆ ಹೇಳಿದಳು. ಚೆತ್ತಾಳ ಚಿಕ್ಕಪ್ಪನ ಮೊಮ್ಮಗ ನೆನು, ತರಕಾರಿ ಲಾರಿ ಓಡಿಸುವವನು, ಅದನ್ನು ಕೋಸುಗಡ್ಡೆಯ ಜೊತೆ ಅತ್ತೆಯ ಮನೆಗೆ ತಂದ.

"ಜಿಯಾ, ನಿಮ್ಮದು ನಕಲಂತೆ. ವಿತೋರಾ ಜಿಯಾಂದು ಅಸಲಂತೆ. ನಾರ್ದು ಅಜ್ಜ ಅವರಿಗೆ ಒಳ್ಳೇದು ಕೊಟ್ಟು, ನಿಮಗೆ ಅಳು ನಿಲ್ಲಿಸೋಕೆ ಒಂದು ಮಾಡಿಕೊಟ್ಟಿದ್ದಂತೆ."

ಚೆತ್ತಾ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. "ಏನಂದೆ?"

"ಊರೆಲ್ಲ ಅದೇ ಮಾತು."

"ಅಪ್ಪ ಅವಳಿಗೆ ಹೆಚ್ಚು ಕೊಟ್ಟ ಅಂತಾನಾ ಅವನು?"

ಅರಮನೆಯದೋ ಹಂದಿಗೂಡಿನದೋ, ಅದು ಅವಳಿಗೆ ಲೆಕ್ಕಕ್ಕಿರಲಿಲ್ಲ. ಆದರೆ ಅಪ್ಪ ನೂಲು ಹಿಡಿದು ಹಾಕಿದ ಗೆರೆ ಅವಳ ಬದುಕಿನ ಧರ್ಮವಾಗಿತ್ತು. ವಿತೋರ ಸುಂದರಿಯಾಗಿದ್ದಳು, ಒಳ್ಳೆಯ ಗಂಡ ಸಿಕ್ಕಿದ್ದ, ಮಕ್ಕಳಾಗಿದ್ದರು. ದೇವರ ತಕ್ಕಡಿ ಅಕ್ಕನ ಕಡೆಗೇ ಇಳಿದಿತ್ತು. ಅಪ್ಪನ ತಕ್ಕಡಿ ಒಂದೇ ಸಮವಾಗಿ ನಿಂತದ್ದು. ಆ ಸಂಜೆ ಅವಳು ಸ್ಮಶಾನಕ್ಕೆ ಹೋಗಿ ಅಕ್ಕನ ಗೋರಿಯ ಮುಂದೆ ನಿಂತು, "ಹಿಗ್ಗಬೇಡ" ಎಂದು ಬೈದು ಬಂದಳೆಂದು ಹೇಳುತ್ತಾರೆ. ಅವಳನ್ನು ಬಲ್ಲವರು ನಂಬುತ್ತಾರೆ.

ಸಂತ ಜೋಸೆಫನ ಹಬ್ಬದ ದಿನ, ಪೂಜೆ ಮುಗಿದ ಮೇಲೆ, ಮ್ಯೂಸಿಯಂ ತೆರೆಯಿತು. ಬಡಗಿಗಳ ಸಂತ, ದಿನ ಆರಿಸಿದವನು ಶಾಂದ್ರುವೇ. ಹಜಾರದ ನಡುವೆ ಕಾಂತರಾನು, ಗೋಡೆಯಲ್ಲಿ ಕೆಂಪು ಬಟ್ಟೆ ಮುಚ್ಚಿದ ಫಲಕ, ಕುರ್ಚಿಗಳಲ್ಲಿ ಊರು. ಶಾಂದ್ರು ಮಾತಿಗೆ ನಿಂತ. ಹಳ್ಳಿಯ ಅಜ್ಞಾನದಿಂದ ಹಳ್ಳಿಯ ಸಂಪತ್ತನ್ನು ತಾನು ಹೇಗೆ ಕಾಪಾಡಿದೆ ಎಂದು ಹೇಳಿದ. ಗುರುವನ್ನು ಹೊಗಳಿದ. ಎಡಗೈ ಶಿಷ್ಯನ ಮಾತಿಗೆ ಬಂದಾಗ ಅವನ ದನಿ ಒದ್ದೆಯಾಯಿತು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

"ಮುಗಿಯಲಿ ಅಂತ ಕಾಯ್ತಿದ್ದೆ ದುನ್, ಇದು ಮುಗಿಯೋ ಹಾಗೆ ಕಾಣಲ್ಲ" ಎಂಬ ದನಿ ಬಾಗಿಲಿನಿಂದ ಬಂತು.

ಚೆತ್ತಾ. ಅವಳ ಹಿಂದೆ ನೆನು, ಎರಡು ತೋಳಿನ ಮೇಲೆ ದುಪ್ಪಟಿ ಸುತ್ತಿದ ಏನನ್ನೋ ಹೊತ್ತುಕೊಂಡು.

"ಜಿಯಾ ಚೆತ್ತಾ, ಆಮೇಲೆ ಮಾತಾಡೋಣ..."

"ಆಮೇಲೆ ನನಗೆ ವಯಸ್ಸಿಲ್ಲ. ಊರವರೇ, ನಮ್ಮಪ್ಪ ನಾರ್ದು ಒಂದು ಮಗಳಿಗೆ ಹಾಲು, ಒಂದು ಮಗಳಿಗೆ ನೀರು ಕೊಟ್ಟ ಅಂತ ಈ ಫಾರ್ಮೈಕಾ ಹೇಳಿದಾನೆ. ಕೊಟ್ಟನೋ ಇಲ್ವೋ ನೀವೇ ನೋಡಿ. ನೆನು, ಆ ನಡುವಿಂದು ಎಳಿ."

"ಮುಟ್ಟಬೇಡ!" ಎಂದು ಶಾಂದ್ರು ಕೂಗುವಷ್ಟರಲ್ಲಿ ನೆನು ಮ್ಯೂಸಿಯಂನ ಕಾಂತರಾನುವಿನ ನಡುವಿನ ಖಾನೆ ಎಳೆದು, ಹೂವಿನ ಮೇಜಿನ ಮೇಲೆ ಮಗುಚಿ ಹಾಕಿದ್ದ. ದುಪ್ಪಟಿ ಬಿಚ್ಚಿ ಚೆತ್ತಾಳ ಖಾನೆಯನ್ನು ಅದರ ಕೆಳಗೆ ಒತ್ತಿ ಇಟ್ಟ. ಎರಡರ ನಡುಗೆರೆಯೂ ಒಂದೇ ಸಾಲಿಗೆ ಬಂತು. ಮೇಲಿನದರಲ್ಲಿ ಗೆರೆಯ ಬಲಕ್ಕೆ ಅರ್ಧ ಕಣ್ಣು, ಕೆಳಗಿನದರಲ್ಲಿ ಎಡಕ್ಕೆ ಅರ್ಧ ಕಣ್ಣು. ಅದೇ ಅಗಲ, ಅದೇ ಸುತ್ತು, ರೆಪ್ಪೆಯ ಮೇಲೆ ಅದೇ ಸೀಳು.

ಜನ ಕುರ್ಚಿ ಬಿಟ್ಟು ಮುತ್ತಿಕೊಂಡರು. ನೋಟರಿ ಗ್ರೆಕ್ ಕನ್ನಡಕ ಹಾಕಿಕೊಂಡು ಬಗ್ಗಿದ. ಕನ್ನಡಕ ತೆಗೆದು ಬಗ್ಗಿದ. "ಒಂದೇ ಹಲಗೆ" ಎಂದ, ಯಾರೋ ತೀರಿಕೊಂಡ ಸುದ್ದಿ ಹೇಳುವ ಹಾಗೆ.

"ಗರಗಸದ ಒಂದು ತುದೀಲಿ ನಾನಿದ್ದೆ. ಕೊಯ್ದದ್ದು ಹೇಗೆ ಅಂತ ಆವತ್ತು ಕೋಣೆಯೊಳಗೆ ಇವನಿಗೆ ಎಲ್ಲಾ ಹೇಳಿದೀನಿ. ಹಳೇದು ಅರ್ಧ ಅವಳದು, ಅರ್ಧ ನನ್ನದು. ಉಳಿದದ್ದು ಅಪ್ಪನ ಕೈಕೆಲಸ. ಶಿಷ್ಯನಂತೆ, ಕೆಮ್ಮಂತೆ! ಅಪ್ಪ ಒಂದು ದಿನ ಕೆಮ್ಮಿದವನಲ್ಲ."

ಯಾರೋ ನಕ್ಕರು. ಆ ನಗು ಹಿಂದಿನ ಸಾಲಿಗೆ ಹೋಗಿ ದೊಡ್ಡದಾಗಿ ಮುಂದೆ ಬಂತು.

ದುನ್ ಆಂಜ್ ನಗಲಿಲ್ಲ. ಅವರು ಶಾಂದ್ರುವಿನ ಹತ್ತಿರ ಬಂದರು. ಎಲ್ಲರಿಗೂ ಕೇಳುವ ಹಾಗೆ, ಆದರೂ ಮೆತ್ತಗೆ ಕೇಳಿದರು: "ಸುರ್ ಶಾಂದ್ರು, ಆ ಒಳಕೋಣೇಲಿ ಬೆಳಕು ಕಡಿಮೆ ಇತ್ತು, ಅಲ್ವಾ? ವಯಸ್ಸಾದ ಕಣ್ಣು. ಈ ಗಂಟು ನಿಮಗೆ ಕಾಣಲಿಲ್ಲ."

ಅದು ಕರುಣೆ. ಪಾದ್ರಿ ಒಂದು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಿದ್ದರು. ಕಾಣಲಿಲ್ಲ ಎಂದರೆ ಸಾಕಿತ್ತು. ಮುದುಕ, ಪಾಪ, ಎಡವಿದ ಎಂದು ಊರು ನಾಲ್ಕು ದಿನ ನಕ್ಕು ಮರೆಯುತ್ತಿತ್ತು. ಪಲೆರ್ಮೋದವನೂ ಗೌರವದಿಂದಲೇ ಒಂದು ಸಾಲು ಬರೆಯುತ್ತಿದ್ದ. ಯಾರಿಗೆ ಗೊತ್ತು, ಫಲಕ ಕೂಡ ಉಳಿಯುತ್ತಿತ್ತೇನೋ, ಸ್ವಲ್ಪ ಸಣ್ಣ ಗೋಡೆಯಲ್ಲಿ.

ಶಾಂದ್ರು ಸುತ್ತ ನೋಡಿದ. ಬಟ್ಟೆ ಹಾಸದ ಮೇಜಿನ ಮೇಲೆ ಉಂಡು ಬೆಳೆದ ಮುಖಗಳು. ನಕಲಿಗೂ ಅಸಲಿಗೂ ತಲೆದೂಗಿದ ಮುಖಗಳು. ಅವೆಲ್ಲ ಈಗ ಅವನ ಮೇಲೆ ಕನಿಕರಪಡುವುದಕ್ಕೆ ತಯಾರಾಗಿ ಬಾಯಿ ಅರ್ಧ ತೆರೆದು ಕಾಯುತ್ತಿದ್ದವು. ಇವರು, ಈ ಕೋಸುಗಡ್ಡೆಗಳು, ಶಾಂದ್ರು ದೆಬಾತಿಸ್ತನಿಗೆ ಒಂದು ಗಂಟು ಕಾಣಲಿಲ್ಲ ಎಂದು ಮನೆಗೆ ಹೋಗಿ ಹೇಳಿಕೊಳ್ಳಬೇಕು.

"ಬೆಳಕು ಚೆನ್ನಾಗಿತ್ತು" ಎಂದ.

"ಸುರ್ ಶಾಂದ್ರು..."

"ಕಂಡಿತು. ಖಾನೆ ಎಳೆದ ತಕ್ಷಣ ಕಂಡಿತು. ಎಳೆಯೋ ಮೊದಲೇ, ಆ ಗೆರೆಗಳು ಅದಲುಬದಲಾಗಿರೋದು ನೋಡಿದಾಗಲೇ ಅರ್ಧ ಗೊತ್ತಾಯ್ತು. ನನಗೆ ಕಾಣದೆ ಇರುತ್ತಾ? ಈ ದ್ವೀಪದಲ್ಲಿ ಅದು ಕಾಣೋದು ನನಗೊಬ್ಬನಿಗೇ. ನಿಮಗೆ, ಕಣ್ಣಿನ ಮುಂದೆ ಮಗುಚಿ ಹಾಕಿದ ಮೇಲೆ ಕಾಣುತ್ತೆ."

ಹೀಗೆ, ಜಪತಪದಿಂದಲೂ ಪಶ್ಚಾತ್ತಾಪದಿಂದಲೂ ಬಾರದ ನಿಜ ಆ ಮನುಷ್ಯನ ಬಾಯಿಂದ ಜಂಭದ ಕೈ ಹಿಡಿದುಕೊಂಡು ಹೊರಗೆ ಬಂತು. ದೇವರಿಗೆ ಅಷ್ಟೂ ಸಾಕಾಗುತ್ತದೆಂದು ಕಾಣುತ್ತದೆ. ಅವನು ಎಂಥ ಕೊಳಕು ಗಾಡಿಯಲ್ಲಾದರೂ ಸರಿ, ತನ್ನ ಸಾಮಾನು ಸಾಗಿಸುತ್ತಾನೆ.

"ನಮಗೆ ಸುಳ್ಳು ಹೇಳಿದ್ರಿ" ಎಂದರು ದುನ್ ಆಂಜ್.

"ಹೇಳಿದೆ. ನಂಬಿದವರು ನೀವು."

ದುನ್ ಆಂಜ್ ನೋಟರಿಯ ಕಡೆ ನೋಡಿದರು. ನೋಟರಿ ಹೋಗಿ, ಬಟ್ಟೆ ಮುಚ್ಚಿದ ಹಾಗೆಯೇ ಇದ್ದ ಫಲಕವನ್ನು ಕೊಕ್ಕೆಯಿಂದ ಬಿಡಿಸಿ, ಕೆಳಗಿಳಿಸಿ, ಗೋಡೆಗೆ ಮುಖ ಮಾಡಿ ಒರಗಿಸಿದ. ಅಮೃತಶಿಲೆ ಭಾರವಾಗಿತ್ತು, ಅವನಿಗೆ ಇಬ್ಬರು ಕೈಕೊಟ್ಟರು.

"ಹಾಗಾದ್ರೆ ನನ್ನದೂ ಅವಳದೂ ಸಮ" ಎಂದಳು ಚೆತ್ತಾ, ಸುತ್ತ ಎಲ್ಲರಿಂದಲೂ ಹೌದು ಅನ್ನಿಸಿಕೊಳ್ಳುವವರೆಗೆ ಬಿಡದೆ.

"ಸಮ, ಜಿಯಾ, ಸಮ."

"ಇವನೇ ಹೇಳಲಿ."

ಶಾಂದ್ರು ಅವಳ ಕಡೆ ನೋಡದೆ ಹೇಳಿದ: "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಜಿಯಾ ಚೆತ್ತಾ, ನಿಮ್ಮದನ್ನೂ ಇಲ್ಲೇ ಇಡಬಹುದಲ್ಲ?" ದುನ್ ಆಂಜ್ ಆಸೆಯಿಂದ ಕೇಳಿದರು. "ಎರಡನ್ನೂ ಕೂಡಿಸಿದ್ರೆ..."

"ಕೂಡಿಸೋದಾ? ಅಪ್ಪ ಅಷ್ಟು ಕಷ್ಟಪಟ್ಟು ಬೇರೆ ಮಾಡಿದ್ದನ್ನ?" ಅವಳು ದುಪ್ಪಟಿಯನ್ನು ಕೊಡವಿ ಮಡಿಸಿದಳು. "ನನ್ನ ಕರವಸ್ತ್ರ ಎಲ್ಲಾ ಹಾಸಿಗೆ ಮೇಲೆ ಬಿದ್ದಿವೆ. ನಡಿ ನೆನು."

ನೆನು ಚೆತ್ತಾಳ ಖಾನೆಯನ್ನು ಮುಂದಿನ ಹಿತ್ತಾಳೆ ಹಿಡಿಯಿಂದ ಒಂದೇ ಕೈಯಲ್ಲಿ ಎತ್ತಿದ. ಹಳೆಯ ಅಂಟು ಕಿರುಗುಟ್ಟಿತು.

"ಅಡಿಯಿಂದ ಹಿಡಿಯೋ ಕತ್ತೆ!" ಶಾಂದ್ರು ಎರಡು ಹೆಜ್ಜೆ ಮುಂದೆ ಬಂದ. "ಎರಡೂ ಕೈಯಿಂದ, ಅಡಿಯಿಂದ. ಹಿಡಿ ಕಿತ್ಕೊಂಡು ಬರುತ್ತೆ, ನಕ್ಷತ್ರ ಸೀಳುತ್ತೆ."

"ಏನಂತೆ ಇವನದು?" ನೆನು ಅತ್ತೆಯನ್ನು ಕೇಳಿದ.

"ಏನೋ ಮಾರೋಕೆ ನೋಡ್ತಿದಾನೆ. ನೀನು ನಡಿ."

ನೆನು ಟೊಮೇಟೊ ಬುಟ್ಟಿಯ ಹಾಗೆ ಅದನ್ನು ಪಕ್ಕಕ್ಕೆ ತೂಗಿಸಿಕೊಂಡು ಮೆಟ್ಟಿಲಿಳಿದ. ಶಾಂದ್ರು ಬಾಗಿಲಿನವರೆಗೆ ಹೋಗಿ, ಲಾರಿಯ ಹಿಂಬದಿಯಲ್ಲಿ ಖಾಲಿ ಡಬ್ಬಗಳ ನಡುವೆ ಆ ಖಾನೆ ಹೇಗೆ ಬೀಳುತ್ತದೆ ಎಂದು ನೋಡುತ್ತಾ ನಿಂತ. ಅಷ್ಟು ದೂರದಿಂದಲೂ ಅವನಿಗೆ, ಯಾವ ಮೂಲೆ ಮೊದಲು ತಗುಲಿತು ಎಂದು ಸ್ಪಷ್ಟವಾಗಿ ಕಂಡಿತು.